ಎರಡು ಸೀಸನ್, ಐವತ್ತು ವರ್ಷ: ದಕ್ಷಿಣ ಜಾರ್ಜಿಯಾದ ರಾಕ್‌ಕಾಡ್ ಪ್ರಕರಣ

1969-70ರ ಸೀಸನ್‌ನಲ್ಲಿ ಸುಮಾರು 4 ಲಕ್ಷ ಟನ್ ಮೀನು. ಮರುವರ್ಷ ಸುಮಾರು 1 ಲಕ್ಷ ಟನ್. ಅದರ ಮರುವರ್ಷ 3 ಸಾವಿರ ಟನ್ ಕೂಡ ಇಲ್ಲ.

ಜಾತಿ ಒಂದೇ, ದ್ವೀಪವೂ ಒಂದೇ. ಹಿಡಿದ ಹಡಗುಗಳೂ ಒಂದೇ ದೇಶದವು. ಮೊದಲ ವರ್ಷದ ನೂರು ಟನ್ನಿನ ಜಾಗದಲ್ಲಿ ಮೂರನೇ ವರ್ಷ ಒಂದು ಟನ್ನೂ ಬರಲಿಲ್ಲ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಮೊದಲು ಆ ಮೀನಿನ ಬದುಕನ್ನು ನೋಡಬೇಕು. ಹಡಗಿನವರ ಕತೆ ಆಮೇಲೆ.

ಇಲ್ಲಿ ಯಾವ ಹಡಗಿನ ಹೆಸರೂ ಇಲ್ಲ, ಕ್ಯಾಪ್ಟನ್ ಅಥವಾ ಅಧಿಕಾರಿಯ ಹೆಸರೂ ಇಲ್ಲ. ಹಡಗುಗಳು ಸೋವಿಯತ್ ಒಕ್ಕೂಟದವು ಎಂಬುದು ದಾಖಲೆಯಲ್ಲಿರುವ ಸಂಗತಿ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೇರೆ ದೇಶದ ಹಡಗುಗಳು ಅಲ್ಲಿದ್ದಿದ್ದರೆ ಕತೆ ಬೇರೆ ಆಗುತ್ತಿತ್ತು ಅಂತ ಮಾತ್ರ ನನಗೆ ಅನ್ನಿಸುವುದಿಲ್ಲ.

ಜಾಗ

ದಕ್ಷಿಣ ಜಾರ್ಜಿಯಾ ದಕ್ಷಿಣ ಅಟ್ಲಾಂಟಿಕ್‌ನಲ್ಲಿರುವ ಉದ್ದನೆಯ ದ್ವೀಪ. ತುದಿಯಿಂದ ತುದಿಗೆ ಸುಮಾರು 170 ಕಿ.ಮೀ. ನಡುವೆ ಹಿಮದ ಬೆಟ್ಟಗಳ ಸಾಲು, ಅಂಚಿನಲ್ಲಿ ಕೊಲ್ಲಿಗಳು. ಸುತ್ತ ಸ್ವಲ್ಪ ದೂರದವರೆಗೆ ಸಮುದ್ರದ ತಳ ತೀರಾ ಆಳಕ್ಕೆ ಇಳಿಯದೆ ಮನೆಮುಂದಿನ ಜಗಲಿಯ ಹಾಗೆ ಚಾಚಿಕೊಂಡಿದೆ. ಈ ಕಡಲ ಜಗಲಿಯ ಮೇಲೆ ಕ್ರಿಲ್ ಹಿಂಡುಗಳು ಹರಿದು ಬರುತ್ತವೆ. ಕ್ರಿಲ್ ಅಂದರೆ ಸಿಗಡಿಯಂಥ ಪುಟ್ಟ ಜೀವಿ. ಅಲ್ಲಿನ ತಿಮಿಂಗಿಲ, ಪೆಂಗ್ವಿನ್, ಸೀಲ್, ಮೀನು ಎಲ್ಲಕ್ಕೂ ಅದೇ ಅನ್ನ.

ದ್ವೀಪಕ್ಕೆ ಜನ ಬಂದದ್ದೇ ಬಾಚಿಕೊಂಡು ಹೋಗುವುದಕ್ಕೆ. ಮೊದಲು ಚರ್ಮಕ್ಕಾಗಿ ಫರ್ ಸೀಲ್‌ಗಳನ್ನು ಕೊಂದರು, ಅವು ಹೆಚ್ಚುಕಡಿಮೆ ನಿರ್ನಾಮವಾದವು. 1904ರಲ್ಲಿ ಗ್ರಿಟ್‌ವಿಕೆನ್‌ನಲ್ಲಿ ತಿಮಿಂಗಿಲ ಸಂಸ್ಕರಿಸುವ ಕೇಂದ್ರ ಶುರುವಾಯಿತು. 1960ರ ದಶಕದ ನಡುವೆ ಆ ಉದ್ಯಮವೂ ಮುಚ್ಚಿತು, ಹಿಡಿಯುವುದಕ್ಕೆ ತಿಮಿಂಗಿಲಗಳೇ ಉಳಿದಿರಲಿಲ್ಲ. ನಾಲ್ಕೈದು ವರ್ಷ ಕಳೆಯುವುದರೊಳಗೆ ಮೀನಿನ ಸರದಿ ಬಂತು.

ಮೀನು

ಹೆಸರು ಮಾರ್ಬಲ್ಡ್ ರಾಕ್‌ಕಾಡ್. ಕಾಡ್ ಮೀನಿಗೂ ಇದಕ್ಕೂ ನೆಂಟಸ್ತನವೇನೂ ಇಲ್ಲ, ನಾವಿಕರು ಸುಮ್ನೆ ಕಣ್ಣಳತೆಯಲ್ಲಿ ಇಟ್ಟ ಹೆಸರು. ವೈಜ್ಞಾನಿಕ ಹೆಸರು ನೋಟೋಥೀನಿಯಾ ರೊಸ್ಸಿಯೈ. ಜೇಮ್ಸ್ ಕ್ಲಾರ್ಕ್ ರಾಸ್ ಅಂಟಾರ್ಕ್ಟಿಕ್ ಯಾನದಿಂದ ತಂದ ಮೀನುಗಳನ್ನು ನೋಡಿ ಜಾನ್ ರಿಚರ್ಡ್‌ಸನ್ 1844ರಲ್ಲಿ ರಾಸ್ ಗೌರವಕ್ಕೆ ಈ ಹೆಸರಿಟ್ಟರು. ದಪ್ಪ ತಲೆ, ದಪ್ಪ ತುಟಿ, ಕಂದು ಮೈಮೇಲೆ ಅಮೃತಶಿಲೆಯ ಹಾಗೆ ಮಚ್ಚೆಮಚ್ಚೆ. ತುಂಬ ಬೆಳೆದರೆ ಉದ್ದ 90 ಸೆಂ.ಮೀ. ಮುಟ್ಟುತ್ತದೆ.

ಅಂಟಾರ್ಕ್ಟಿಕ್ ಮೀನು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ಅದರ ರಕ್ತ ಹೆಪ್ಪುಗಟ್ಟುವುದಿಲ್ಲವೇ? ಸಮುದ್ರದ ನೀರು ಹೆಪ್ಪುಗಟ್ಟುವುದು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಮಾನ್ಯ ಮೀನಿನ ರಕ್ತ ಅದಕ್ಕೂ ಮುಂಚೆಯೇ, ಮೈನಸ್ 0.7ರ ಹತ್ತಿರ ಹೆಪ್ಪುಗಟ್ಟಬೇಕು. ಈ ಬಳಗದ ಮೀನುಗಳ ರಕ್ತದಲ್ಲಿ ಸಕ್ಕರೆ ಅಂಟಿಕೊಂಡ ಒಂದು ಬಗೆಯ ಪ್ರೊಟೀನ್ ಇದೆ. ಐಸಿನ ಹರಳು ಹುಟ್ಟಿದ ಕೂಡಲೇ ಅದಕ್ಕೆ ಅಂಟಿಕೊಂಡು ಬೆಳೆಯದ ಹಾಗೆ ತಡೆಯುತ್ತದೆ. ಆಹಾರ ಜೀರ್ಣಿಸುವ ಕಿಣ್ವವೊಂದರ ಜೀನ್ ರೂಪ ಬದಲಿಸಿ ಈ ಕೆಲಸಕ್ಕೆ ಬಂದಿದೆ ಎಂಬುದನ್ನು ವಿಜ್ಞಾನಿಗಳು 1997ರಲ್ಲಿ ತೋರಿಸಿದರು. ಸೊಗಸಾದ ಸಂಗತಿ, ನಿಜ. ಆದರೆ ದಕ್ಷಿಣ ಜಾರ್ಜಿಯಾದ ನೀರು ಅಷ್ಟೊಂದು ಕೊರೆಯುವುದಿಲ್ಲ. ಅಂಟಾರ್ಕ್ಟಿಕಾದ ದಡದಲ್ಲಿ ಐಸಿನಡಿ ಬದುಕುವ ನೆಂಟರಷ್ಟು ಈ ಮೀನಿಗೆ ಅದರ ದರ್ದು ಇಲ್ಲ. ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಚಳಿಯ ಇನ್ನೊಂದು ಪರಿಣಾಮ. ಚಳಿಯಲ್ಲಿ ಎಲ್ಲವೂ ನಿಧಾನ.

ಹೆಣ್ಣುಮೀನು ಮೊಟ್ಟೆ ಇಡುವುದು ಏಪ್ರಿಲ್‌ನಿಂದ ಜೂನ್ ಒಳಗೆ, ಅಂದರೆ ಅಲ್ಲಿ ಚಳಿಗಾಲ ಕಾಲಿಡುವಾಗ. ಒಂದೊಂದು ಮೊಟ್ಟೆಯೂ 4ರಿಂದ 5 ಮಿ.ಮೀ., ಹೆಚ್ಚುಕಡಿಮೆ ಕೊತ್ತಂಬರಿ ಬೀಜದ ಗಾತ್ರ. ಮೀನಿನ ಮೊಟ್ಟೆಯ ಲೆಕ್ಕದಲ್ಲಿ ಇದು ಬಲು ದೊಡ್ಡದು. ದೊಡ್ಡದಾದ್ದರಿಂದ ಸಂಖ್ಯೆ ಕಮ್ಮಿ. ಉತ್ತರದ ಅಸಲಿ ಕಾಡ್ ಲಕ್ಷಗಟ್ಟಲೆ ಮೊಟ್ಟೆ ಇಟ್ಟರೆ ಇದರದು ಹತ್ತಾರು ಸಾವಿರದ ಲೆಕ್ಕ. ಮೊಟ್ಟೆ ಒಡೆಯುವುದಕ್ಕೂ ತಿಂಗಳುಗಟ್ಟಲೆ ಬೇಕು. ಮರಿ ಹೊರಬರುವಾಗ ಅಲ್ಲಿ ವಸಂತ.

ಆ ಮರಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲಿಗೆ ಅವು ತೆರೆದ ಕಡಲಿನ ಮೇಲ್ನೀರಿನಲ್ಲಿ ತೇಲಿಕೊಂಡಿರುತ್ತವೆ. ಆಗ ಮೈಬಣ್ಣ ಬೆಳ್ಳಿ ಬೆರೆತ ನೀಲಿ. ಮೇಲಿನಿಂದ ನೋಡುವ ಹಕ್ಕಿಗೆ ನೀರು ಯಾವುದು, ಮರಿ ಯಾವುದು ತಿಳಿಯುವುದಿಲ್ಲ. ಬೇಸಿಗೆ ನಡುವೆ ಅವು ದ್ವೀಪದ ಕೊಲ್ಲಿಗಳಿಗೆ ಬರುತ್ತವೆ. ಅಲ್ಲಿ ಕೆಲ್ಪ್ ಎಂಬ ಕಡಲಪಾಚಿ ತಳದಿಂದ ಮೇಲಿನವರೆಗೆ ಕಾಡಿನಂತೆ ಬೆಳೆದಿದೆ. ಮರಿಗಳು ಅದರೊಳಗೆ ಹೊಕ್ಕು ತಳ ಸೇರುತ್ತವೆ, ನೀಲಿ ಹೋಗಿ ಪಾಚಿಯದೇ ಕಂದು ಬಣ್ಣ ಬರುತ್ತದೆ. ಆಮೇಲೆ ಐದಾರು ವರ್ಷ ಅಲ್ಲೇ ವಾಸ. ಉದ್ದ 40ರಿಂದ 50 ಸೆಂ.ಮೀ. ಆದ ಮೇಲೆ, ಮೊಟ್ಟೆ ಇಡುವ ವಯಸ್ಸು ಹತ್ತಿರ ಬಂದಾಗ, ಕೊಲ್ಲಿ ಬಿಟ್ಟು ಜಗಲಿಗೆ ಹೋಗಿ ದೊಡ್ಡವರ ಜೊತೆ ಕ್ರಿಲ್ ತಿನ್ನಲು ಸೇರುತ್ತವೆ.

ನಮ್ಮ ಕರಾವಳಿಯ ಬೂತಾಯಿ ಒಂದು ವರ್ಷದ ಸುಮಾರಿಗೆ ಮೊಟ್ಟೆ ಇಡುವಷ್ಟು ಬಲಿಯುತ್ತದೆ. ಒಂದು ವರ್ಷ ಕೈಕೊಟ್ಟರೂ ಕಾಲ ಕೂಡಿ ಬಂದರೆ ಬೇಗ ಚೇತರಿಸಿಕೊಳ್ಳುವ ತಾಕತ್ತು ಅದಕ್ಕಿದೆ. ರಾಕ್‌ಕಾಡ್‌ಗೆ ಆ ಸೌಕರ್ಯ ಇಲ್ಲ. ಇವತ್ತು ಹುಟ್ಟಿದ ಮರಿ ಲೆಕ್ಕಕ್ಕೆ ಬರುವುದು ಆರೇಳು ವರ್ಷ ಬಿಟ್ಟು.

ಮೊದಲ ನಿರ್ಧಾರ

1960ರ ದಶಕದಲ್ಲಿ ಪರೀಕ್ಷೆಗೆಂದು ಬಂದ ಹಡಗುಗಳಿಗೆ ಜಗಲಿಯ ಮೇಲೆ ದಟ್ಟವಾದ ರಾಕ್‌ಕಾಡ್ ಗುಂಪುಗಳು ಸಿಕ್ಕವು. ದೊಡ್ಡ ಮೀನು, ಒಳ್ಳೆ ಮಾಂಸ. ಹಡಗಿನಲ್ಲೇ ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಕಡಲಲ್ಲಿರಬಲ್ಲ ದೊಡ್ಡ ಟ್ರಾಲರ್‌ಗಳು (ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಹಡಗುಗಳು) ಆಗ ಸೋವಿಯತ್ ಕೈಯಲ್ಲಿ ಬೇಕಾದಷ್ಟಿದ್ದವು. ಅಲ್ಲಿನ ಸರ್ಕಾರಿ ಯೋಜನೆಯ ಗುರಿ ಇದ್ದದ್ದು ಟನ್ನುಗಳಲ್ಲಿ. ದ್ವೀಪ ಬ್ರಿಟನ್‌ನದು, ಆದರೆ ಸುತ್ತಲಿನ 200 ಮೈಲಿ ಕಡಲಿಗೆ ಆಗ ಕಾವಲು ಇರಲಿಲ್ಲ. ಬ್ರಿಟನ್ ಅಂಥ ವಲಯ ಘೋಷಿಸಿದ್ದು 1993ರಲ್ಲಿ. ಮಿತಿ ಹಾಕುವವರು ಯಾರೂ ಇಲ್ಲದ ಕಡಲಿಗೆ ಹಡಗುಗಳ ದಂಡೇ ಬಂತು.

ಮೊದಲ ಸೀಸನ್ನಿನ 4 ಲಕ್ಷ ಟನ್ ಅಂದರೆ ಎಷ್ಟು ಮೀನು? ಒಂದಕ್ಕೆ 3 ಕಿಲೋ ಅಂತ ಅಂದಾಜಿಗೆ ಹಿಡಿದರೂ 13 ಕೋಟಿ ದಾಟುತ್ತದೆ.

ಡೆಕ್ ಮೇಲೆ ನಿಂತವನಿಗೆ ಈ ನಿರ್ಧಾರ ತಪ್ಪು ಅಂತ ಅನ್ನಿಸಲು ಕಾರಣವೇ ಇರಲಿಲ್ಲ. ಬಲೆ ಎತ್ತಿದಾಗಲೆಲ್ಲ ತುಂಬಿರುತ್ತಿತ್ತು. ಬಲೆಯಲ್ಲಿ ಬರುತ್ತಿದ್ದ ಮೀನು ಮಾತ್ರ ಒಂದು ವರ್ಷದ ಬೆಳೆಯಲ್ಲ. ಹಿಂದೆ ಯಾರೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಹಿಡಿಯದಿದ್ದ ಗುಂಪು ಅದು. ಏಳು ವರ್ಷದ್ದು, ಒಂಬತ್ತು ವರ್ಷದ್ದು, ಹನ್ನೆರಡು ದಾಟಿದ್ದು ಎಲ್ಲ ಸೇರಿ ಕೂಡಿಟ್ಟ ಗಂಟು. ಬಡ್ಡಿ ತಿನ್ನುತ್ತಿದ್ದೇವೆ ಅಂದುಕೊಂಡು ಅಸಲನ್ನೇ ತಿನ್ನುತ್ತಿದ್ದರು. ಕೂತುಂಡರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಇಲ್ಲಿ ಕುಡಿಕೆ ಎಷ್ಟು ದೊಡ್ಡದು ಅಂತ ಅಳೆಯುವ ಮುಂಚೆಯೇ ಊಟಕ್ಕೆ ಕೂತಿದ್ದರು.

ಅಳೆಯುವ ದಾರಿ ಇರಲಿಲ್ಲ ಅಂತೇನಲ್ಲ. ಮೀನಿನ ಒಂದು ಹುರುಪೆಯನ್ನು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿ ಕಾಣುವಂಥ ಉಂಗುರಗಳು ಕಾಣುತ್ತವೆ. ಬೇಸಿಗೆಯಲ್ಲಿ ಅಗಲ, ಚಳಿಗಾಲದಲ್ಲಿ ಒತ್ತೊತ್ತಾಗಿ. ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. ಈ ಮೀನು ಎಷ್ಟು ನಿಧಾನ ಬೆಳೆಯುತ್ತದೆ ಎಂಬುದು ಆ ಉಂಗುರಗಳಲ್ಲೇ ಇತ್ತು. ಹಡಗುಗಳ ಸಂಖ್ಯೆ ನಿರ್ಧಾರವಾದದ್ದು ಮಾತ್ರ ಉಂಗುರ ಎಣಿಸಿ ಅಲ್ಲ.

ಎರಡನೇ ವರ್ಷ

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇಲ್ಲಿದೆ. 1970-71ರಲ್ಲಿ ಹಿಡಿದದ್ದು ಹಿಂದಿನ ವರ್ಷದ ಕಾಲುಭಾಗ. ನಿಲ್ಲಿಸುವುದಕ್ಕೆ ಇದಕ್ಕಿಂತ ಜಾಸ್ತಿ ಸೂಚನೆ ಬೇಕೇ? ಈಗ ಕೂತು ಕೇಳುವುದು ಸುಲಭ. 4 ಲಕ್ಷದ ಪಕ್ಕ ಇಟ್ಟರೆ 1 ಲಕ್ಷ ಟನ್ ಸಣ್ಣದು, ಆದರೆ ಹಾಗೇ ನೋಡಿದರೆ ಅದೂ ಭಾರಿ ಫಸಲೇ.

ಮೀನಿನ ನಡತೆಯೂ ಮೋಸ ಮಾಡಿತು. ರಾಕ್‌ಕಾಡ್ ಜಗಲಿಯ ಮೇಲೆ ಸಮನಾಗಿ ಹರಡಿಕೊಂಡು ಇರುವುದಿಲ್ಲ. ಕ್ರಿಲ್ ಇದ್ದಲ್ಲಿ, ಮೊಟ್ಟೆ ಇಡುವ ಜಾಗದಲ್ಲಿ ಒತ್ತಾಗಿ ಸೇರುತ್ತದೆ. ಹೀಗೆ ಗುಂಪು ಕಟ್ಟುವ ಮೀನು ಅರ್ಧಕ್ಕೆ ಇಳಿದರೂ ಉಳಿದರ್ಧ ಮತ್ತೆ ಒಂದೆಡೆ ಸೇರಿಕೊಳ್ಳುತ್ತದೆ. ಆ ಗುಂಪಿನ ಮೇಲೆ ಬಿದ್ದ ಬಲೆ ಮೊದಲಿನ ಹಾಗೇ ತುಂಬಿ ಬರುತ್ತದೆ. ಕಡಲು ಖಾಲಿಯಾಗುತ್ತಿದೆ ಅಂತ ಬಲೆ ಹೇಳುವುದು ಕೊಟ್ಟಕೊನೆಗೆ.

ಮರಿಗಳು ಕಣ್ಣಿಗೆ ಬೀಳದ್ದು ಇನ್ನೊಂದು ತೊಡಕು. ಕೆಲ್ಪ್ ಕಾಡಿನಲ್ಲಿ ಟ್ರಾಲ್ ಬಲೆ ಎಳೆಯಲು ಆಗುವುದಿಲ್ಲ. ಹಾಗಾಗಿ ಹಿಡಿಯುವವರಿಗೆ ಕಂಡದ್ದು ಬಲಿತ ಮೀನು ಮಾತ್ರ. ಹಿಂದೆ ಎಷ್ಟು ಮರಿ ಬರುತ್ತಿವೆ ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಇದೇ ಮರೆ ಮುಂದೆ ಜಾತಿಯನ್ನು ಉಳಿಸಿತು. ಬಲೆ ಹೋಗದ ಜಾಗದಲ್ಲಿ ಐದಾರು ವರ್ಷದ ಮರಿಗಳು ಬಚಾವಾಗಿ ಕೂತಿದ್ದವು. ಅವೂ ಜಗಲಿಯ ಮೇಲೇ ಇದ್ದಿದ್ದರೆ ಬರೆಯುವುದಕ್ಕೆ ಮುಂದಿನ ಕತೆಯೇ ಇರುತ್ತಿರಲಿಲ್ಲವೇನೋ.

1971-72ರಲ್ಲಿ ಸಿಕ್ಕದ್ದು ಬರೀ 2,700 ಟನ್ ಆಸುಪಾಸು.

ಹಡಗು ಮುಂದೆ ಹೋಯಿತು

ಮೀನುಗಾರಿಕೆ ನಿಲ್ಲಲಿಲ್ಲ, ಜಾಗ ಬದಲಾಯಿಸಿತು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಫ್ರಾನ್ಸಿನ ಕೆರ್ಗೆಲೆನ್ ದ್ವೀಪದ ಸುತ್ತಲೂ ಇದೇ ಜಾತಿ ಇದೆ, ಅಲ್ಲೂ ಹಿಡಿದರು. 1978ರಲ್ಲಿ ಫ್ರಾನ್ಸ್ 200 ಮೈಲಿ ವಲಯ ಘೋಷಿಸಿತು. 1970ರ ದಶಕದ ಕೊನೆಗೆ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಕ್ಕದ ದಕ್ಷಿಣ ಶೆಟ್ಲೆಂಡ್ ದ್ವೀಪಗಳ ಸರದಿ. ದಕ್ಷಿಣ ಜಾರ್ಜಿಯಾದಲ್ಲೂ ಹಡಗುಗಳು ಪೂರ್ತಿ ಹೊರಡಲಿಲ್ಲ. ಮ್ಯಾಕರೆಲ್ ಐಸ್‌ಫಿಶ್ ಎಂಬ ಇನ್ನೊಂದು ಜಾತಿಯ ಹಿಂದೆ ಬಿದ್ದವು. ರಕ್ತದಲ್ಲಿ ಕೆಂಪು ಬಣ್ಣವೇ ಇಲ್ಲದ ಮೀನು ಅದು, ಅದರ ಕತೆ ಇನ್ನೊಮ್ಮೆ.

ಈಗ ಕೆಲ್ಪ್‌ನೊಳಗಿದ್ದ ಮರಿಗಳ ಲೆಕ್ಕ ನೋಡಿ. 1970ರಲ್ಲಿ ಹುಟ್ಟಿದ ಮರಿ ಜಗಲಿಗೆ ಕಾಲಿಡುವುದು 1976ರ ಸುಮಾರಿಗೆ. ಅಷ್ಟು ಹೊತ್ತಿಗೆ ಐಸ್‌ಫಿಶ್‌ಗೆಂದು ಹಾಕಿದ ಬಲೆ ಅಲ್ಲಿ ಕಾಯುತ್ತಿತ್ತು. ಮೊದಲ ಸಲ ಮೊಟ್ಟೆ ಇಡುವ ಮುಂಚೆಯೇ ಎಷ್ಟೋ ಮೀನು ಅದರಲ್ಲಿ ಹೋದವು. ಬೇರೆ ಮೀನಿಗೆ ಹಾಕಿದ ಬಲೆಗೆ ಆಕಸ್ಮಿಕವಾಗಿ ಬೀಳುವುದು ಅಂತ ಇದನ್ನು ಕರೆಯುತ್ತಾರೆ. ಸತ್ತ ಮೀನಿಗೆ ಆಕಸ್ಮಿಕವೂ ಒಂದೇ, ಉದ್ದೇಶವೂ ಒಂದೇ.

ಬಾಗಿಲು ಹಾಕಿದ್ದು

ಅಂಟಾರ್ಕ್ಟಿಕ್ ಕಡಲ ಜೀವಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1980ರಲ್ಲಿ ಕ್ಯಾನ್‌ಬೆರಾದಲ್ಲಿ ಸಹಿ ಬಿತ್ತು. ಜಾರಿಗೆ ಬಂದದ್ದು 1982ರ ಏಪ್ರಿಲ್ 7ರಂದು. ಅದಕ್ಕೆ ನಾಲ್ಕು ದಿನ ಮುಂಚೆ ಅರ್ಜೆಂಟೀನಾದ ಸೈನಿಕರು ಗ್ರಿಟ್‌ವಿಕೆನ್‌ಗೆ ಇಳಿದಿದ್ದರು, ಫಾಕ್‌ಲ್ಯಾಂಡ್ ಯುದ್ಧ ಶುರುವಾಗಿತ್ತು. ಆ ದ್ವೀಪಕ್ಕಾಗಿ ಹೊಡೆದಾಡಿದ ಎರಡು ದೇಶಗಳೂ ಅಲ್ಲಿನ ಮೀನಿಗಾಗಿ ಒಂದೇ ಮೇಜಿಗೆ ಬಂದು ಕೂತವು. ನನಗೆ ಈ ಪ್ರಕರಣದಲ್ಲಿ ಸಣ್ಣ ಸಮಾಧಾನ ಕೊಡುವ ಸಂಗತಿ ಇದು.

ಈ ಒಪ್ಪಂದ ನಡೆಸುವ ಆಯೋಗದ ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿದೆ. ಭಾರತವೂ 1986ರಿಂದ ಸದಸ್ಯ. ಇಲ್ಲಿ ಓಟು ಹಾಕಿ ಬಹುಮತದಿಂದ ಗೆಲ್ಲುವುದು ಅಂತಿಲ್ಲ, ಎಲ್ಲರೂ ಒಪ್ಪಬೇಕು. ಮೀನು ಹಿಡಿಯುವ ದೇಶವೂ ಒಪ್ಪಬೇಕು ಅಂದ ಮೇಲೆ ಹೆಜ್ಜೆ ನಿಧಾನವಾಗುವುದು ಸಹಜ ಅಲ್ವಾ.

1984ರಲ್ಲಿ ಎರಡು ನಿಯಮ ಬಂದವು. ದಕ್ಷಿಣ ಜಾರ್ಜಿಯಾದ ದಡದಿಂದ 12 ನಾಟಿಕಲ್ ಮೈಲಿಯೊಳಗೆ ಮೀನುಗಾರಿಕೆ ಬೇಡ. ರಾಕ್‌ಕಾಡ್ ಹಿಡಿಯುವ ಬಲೆಯ ಕಣ್ಣು 120 ಮಿ.ಮೀ.ಗಿಂತ ಸಣ್ಣದಿರಬಾರದು. ಮೊದಲನೆಯದು ಕೊಲ್ಲಿಗಳಿಗೆ ಗಟ್ಟಿ ಬೇಲಿ ಹಾಕಿತು, ಒಳ್ಳೆಯದೇ. ಎರಡನೆಯದು 1969ರಲ್ಲಿ ಬಂದಿದ್ದರೆ ಚರ್ಚೆ ಮಾಡಬಹುದಿತ್ತು. ಮೊಟ್ಟೆ ಇಡುವ ದೊಡ್ಡ ಮೀನೇ ಉಳಿದಿಲ್ಲದಿರುವಾಗ ಬಲೆಯ ಕಣ್ಣು ದೊಡ್ಡದು ಮಾಡಿದರೆ ಅದರಲ್ಲಿ ಸಿಗುವುದು ಯಾವುದು? ಉಳಿದಿರುವ ಆ ನಾಲ್ಕು ದೊಡ್ಡ ಮೀನೇ. ಮರುವರ್ಷ, 1985ರಲ್ಲಿ, ದಕ್ಷಿಣ ಜಾರ್ಜಿಯಾದ ಸುತ್ತ ರಾಕ್‌ಕಾಡ್ ಅನ್ನು ಗುರಿಯಿಟ್ಟು ಹಿಡಿಯುವುದನ್ನೇ ನಿಷೇಧಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಮೊದಲ ಸೀಸನ್ ಮುಗಿದು ಹದಿನೈದು ವರ್ಷದ ಮೇಲೆ. ಹಾಕದೇ ಇರುವುದಕ್ಕಿಂತ ವಾಸಿ.

ಹೆಚ್ಚು ಕೆಲಸಕ್ಕೆ ಬಂದದ್ದು ಅದರ ನಂತರದ ಹೆಜ್ಜೆಗಳು ಅಂತ ನನ್ನ ಅಭಿಪ್ರಾಯ. ತಳಕ್ಕೆ ಉಜ್ಜಿಕೊಂಡು ಹೋಗುವ ಟ್ರಾಲ್ ಬಲೆ ಅಲ್ಲಿ ನಿಂತಿತು. ಐಸ್‌ಫಿಶ್‌ಗೆ ನಡುನೀರಿನ ಬಲೆ ಮಾತ್ರ ಉಳಿಯಿತು. ಬೇರೆ ಬಲೆಗೆ ಬೀಳುವ ರಾಕ್‌ಕಾಡ್‌ಗೂ ಮಿತಿ ಬಂತು. ದಕ್ಷಿಣ ಶೆಟ್ಲೆಂಡ್ ಸುತ್ತ 1990ರ ಹೊತ್ತಿಗೆ ವಾಣಿಜ್ಯ ಮೀನುಗಾರಿಕೆ ಪೂರ್ತಿ ಮುಚ್ಚಿತು, ಕ್ರಿಲ್ ಹಿಡಿಯುವುದೊಂದನ್ನು ಬಿಟ್ಟು.

ನೀರುಕಾಗೆಯ ಸಾಕ್ಷಿ

ನಿಷೇಧ ಹಾಕಿದ ಮೇಲೆ ಮೀನು ಹೆಚ್ಚುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹಿಡಿಯುವವರಿಲ್ಲದಿದ್ದರೆ ಅಂಕಿ ಬರುವುದೂ ನಿಲ್ಲುತ್ತದೆ. ಇದಕ್ಕೆ ದಕ್ಷಿಣ ಶೆಟ್ಲೆಂಡ್‌ನ ಕಿಂಗ್ ಜಾರ್ಜ್ ದ್ವೀಪದಲ್ಲಿರುವ ಅರ್ಜೆಂಟೀನಾ ಕೇಂದ್ರದ ಸಂಶೋಧಕರು ಮಾಡಿದ ಉಪಾಯ ನನಗೆ ಬಹಳ ಇಷ್ಟ.

ಕೇಂದ್ರದ ಮುಂದೆಯೇ ಪಾಟರ್ ಕೋವ್ ಎಂಬ ಸಣ್ಣ ಕೊಲ್ಲಿ ಇದೆ. 1983ರಿಂದ ಅಲ್ಲಿ ಮೂರು ಪದರದ ಟ್ರ್ಯಾಮೆಲ್ ಬಲೆ ಬಿಡುತ್ತಾ ಬಂದರು. ಹಡಗು ಬೇಡ, ಸಣ್ಣ ದೋಣಿ ಸಾಕು. ಸಿಗುವುದು ಕೊಲ್ಲಿಯಲ್ಲಿ ಬೆಳೆಯುತ್ತಿರುವ ಮರಿಗಳು, ಅಂದರೆ ಟ್ರಾಲರ್‌ಗಳಿಗೆ ಎಂದೂ ಕಾಣದಿದ್ದ ಪೀಳಿಗೆ. ಅದೇ ಕೊಲ್ಲಿಯಲ್ಲಿ ನೋಟೋಥೀನಿಯಾ ಕೋರಿಸೆಪ್ಸ್ ಎಂಬ ಹತ್ತಿರದ ನೆಂಟ ಇದೆ. ಅದರ ಮೇಲೆ ವಾಣಿಜ್ಯ ಮೀನುಗಾರಿಕೆಯ ಕಣ್ಣು ಬಿದ್ದಿರಲಿಲ್ಲ. ಹಾಗಾಗಿ ಒಂದೇ ಬಲೆಯಲ್ಲಿ ಈ ನೆಂಟ ಎಷ್ಟು, ರಾಕ್‌ಕಾಡ್ ಎಷ್ಟು ಅಂತ ಹೋಲಿಸಿದರೆ ಮೀನುಗಾರಿಕೆ ಮಾಡಿದ ಪೆಟ್ಟು ಎದ್ದು ಕಾಣುತ್ತದೆ. ಬಲೆ ಬಿಟ್ಟ ಮೊದಲ ವರ್ಷಗಳಲ್ಲಿ ರಾಕ್‌ಕಾಡ್‌ನ ಪಾಲು ಇಳಿಯುತ್ತಲೇ ಹೋಯಿತು.

ಎರಡನೇ ಸಾಕ್ಷಿ ಹಕ್ಕಿ. ಅಲ್ಲಿನ ನೀಲಿಗಣ್ಣಿನ ನೀರುಕಾಗೆ ದಡದ ಹತ್ತಿರ ಮುಳುಗಿ ಮೀನು ಹಿಡಿಯುತ್ತದೆ. ಜೀರ್ಣವಾಗದ ಮೂಳೆ, ಮುಳ್ಳುಗಳನ್ನು ಉಂಡೆ ಮಾಡಿ ಗೂಡಿನ ಬಳಿ ಕಕ್ಕುತ್ತದೆ. ಆ ಉಂಡೆಯನ್ನು ಬಿಡಿಸಿದರೆ ಮೀನಿನ ಕಿವಿಕಲ್ಲುಗಳು ಸಿಗುತ್ತವೆ. ಸಣ್ಣ, ಬಿಳಿ, ಗಟ್ಟಿ. ಜಾತಿಗೊಂದು ಆಕಾರ. ಗೂಡುಗಳ ಬಳಿ ಕೂತು ಉಂಡೆ ಬಿಡಿಸಿ ಕಲ್ಲು ಎಣಿಸಿದರು. ಬಲೆ ಹೇಳಿದ್ದನ್ನೇ ಹಕ್ಕಿಯೂ ಹೇಳಿತು: ರಾಕ್‌ಕಾಡ್ ಅಪರೂಪ. ನಾಜೂಕಿನ ಕೆಲಸವಲ್ಲ, ವಾಸನೆ ಬೇರೆ. ಆದರೆ ಎಷ್ಟು ಹಿಡಿದೆ ಅಂತ ಸುಳ್ಳು ವರದಿ ಬರೆಯುವ ದರ್ದು ನೀರುಕಾಗೆಗೆ ಇಲ್ಲ.

ಚೇತರಿಕೆ

ನಿಷೇಧದ ನಂತರದ ಮೊದಲ ದಶಕದಲ್ಲಿ ದಕ್ಷಿಣ ಜಾರ್ಜಿಯಾದ ಸಮೀಕ್ಷೆಗಳಲ್ಲಿ ರಾಕ್‌ಕಾಡ್ ಸಿಕ್ಕದ್ದು ಅಲ್ಪ. ಹಿಡಿಯುವುದು ನಿಲ್ಲಿಸಿದರೂ ಏಕೆ ಹೆಚ್ಚುತ್ತಿಲ್ಲ ಎಂಬ ಪ್ರಶ್ನೆಗೆ ಫರ್ ಸೀಲ್ ಕಡೆ ಬೆರಳು ತೋರಿಸಿದವರಿದ್ದಾರೆ. ಒಂದು ಕಾಲಕ್ಕೆ ನಿರ್ನಾಮದ ಅಂಚಿಗೆ ಹೋಗಿದ್ದ ಸೀಲ್‌ಗಳು ಅಷ್ಟು ಹೊತ್ತಿಗೆ ಹತ್ತು ಲಕ್ಷ ದಾಟಿದ್ದವು, ಕೊಲ್ಲಿಗಳ ತುಂಬ ಅವೇ. ಮೀನು ತೆಗೆದಾಗ ಇದ್ದ ಕಡಲು ಬೇರೆ, ಮೀನು ವಾಪಸ್ ಬರಬೇಕಾದ ಕಡಲು ಬೇರೆ. ಸೀಲ್ ಇರಲಿ ಬಿಡಲಿ, ಕಮ್ಮಿ ಮೊಟ್ಟೆ, ಆರೇಳು ವರ್ಷದ ಕಾಯುವಿಕೆ ಇದ್ದೇ ಇತ್ತು.

2000ದ ನಂತರ ಸಮೀಕ್ಷೆಯ ಬಲೆಗಳಲ್ಲಿ ರಾಕ್‌ಕಾಡ್ ಮೆಲ್ಲಗೆ ಹೆಚ್ಚತೊಡಗಿತು. ಪಾಟರ್ ಕೋವ್‌ನ ಬಲೆಯಲ್ಲೂ ಮರಿಗಳ ಪಾಲು ಏರಿತು. ಅಲ್ಲಿನ 1983ರಿಂದ 2016ರವರೆಗಿನ ಲೆಕ್ಕದಲ್ಲಿ ಆ ಇಳಿತವೂ ಕಾಣುತ್ತದೆ, ಈ ಏರಿಕೆಯೂ ಕಾಣುತ್ತದೆ. ಅದೇ ಕಾಲದಲ್ಲಿ ಪೆಟ್ಟು ತಿಂದ ಹಂಪ್ಡ್ ರಾಕ್‌ಕಾಡ್ ಎಂಬ ಇನ್ನೊಂದು ಜಾತಿ ಮಾತ್ರ ಅಲ್ಲಿ ಇದರಷ್ಟು ಚೇತರಿಸಿಕೊಳ್ಳಲಿಲ್ಲ. ಒಂದೇ ನಿಷೇಧ, ಒಂದೇ ಕೊಲ್ಲಿ, ಫಲ ಎರಡು ಬಗೆ. ದಕ್ಷಿಣ ಜಾರ್ಜಿಯಾದಲ್ಲಿ ಅರ್ಧ ಶತಮಾನದ ಮೇಲೂ ರಾಕ್‌ಕಾಡ್ 1969ರ ಮಟ್ಟ ಮುಟ್ಟಿಲ್ಲ.

ಗುರಿಯಿಟ್ಟು ಹಿಡಿಯುವುದಕ್ಕೆ ನಿಷೇಧ ಅಲ್ಲಿ ಈಗಲೂ ಇದೆ. ಬೇರೆ ಮೀನಿನ ಬಲೆಗೆ ಬೀಳುವ ರಾಕ್‌ಕಾಡ್‌ಗೆ ಆಯೋಗ ಹಾಕಿದ ಮಿತಿ ಸೀಸನ್‌ಗೆ 300 ಟನ್. 1969-70ರ 4 ಲಕ್ಷ ಟನ್ ಅನ್ನು ವರ್ಷದ ಹಗಲು ರಾತ್ರಿಗೆಲ್ಲ ಸಮನಾಗಿ ಹಂಚಿದರೆ, 300 ಟನ್ ಹಿಡಿಯುವುದು ಆರೂವರೆ ಗಂಟೆಯ ಕೆಲಸ.